ಕಾವಿ ವಿನ್ಯಾಸದ ದುಂಡು ನೆಲದ ಕುಶನ್: ಟ್ಯಾಪೆಸ್ಟ್ರಿ ಕ್ರೋಶೆಯಲ್ಲಿ ದಳ ವಾಲುತ್ತದೆ, ಅಂಚು ಏಳುತ್ತದೆ

ಉಡುಪಿ_ನೂಲು ಕೇಳಿದ್ದು:

ನೆಲದ ಮೇಲೆ ಹಾಕಿ ಕೂರ್ಲಿಕ್ಕೆ ದುಂಡು ಕುಶನ್ ಹೆಣೀತಾ ಇದ್ದೇನೆ. ಅಡ್ಡಳತೆ 60 ಸೆಂ.ಮೀ., ದಪ್ಪ 10 ಸೆಂ.ಮೀ. ಟ್ಯಾಪೆಸ್ಟ್ರಿ ಕ್ರೋಶೆ, ಅಂದ್ರೆ ಒಂದು ಬಣ್ಣದಲ್ಲಿ ಹೆಣೆಯುವಾಗ ಇನ್ನೊಂದು ಬಣ್ಣದ ನೂಲನ್ನು ಸ್ಟಿಚ್‌ಗಳ ಒಳಗೇ ಒಯ್ಯುವುದು. ಎರಡೇ ಬಣ್ಣ, ಇಟ್ಟಿಗೆ ಕೆಂಪು ಮತ್ತು ಬಿಳಿ. ವಿನ್ಯಾಸ ನಮ್ಮ ಕರಾವಳಿ ದೇವಸ್ಥಾನದ ಗೋಡೆಗಳ ಕಾವಿ ಕಲೆಯದ್ದು: ನಡುವೆ ಆರು ದಳದ ಹೂ, ಅದರ ಸುತ್ತ ಬಳ್ಳಿಯ ಪಟ್ಟಿ. 8 ಪ್ಲೈ ಕಾಟನ್, 3.5 ಮಿ.ಮೀ. ಹುಕ್, ಅಮೆರಿಕದ ಲೆಕ್ಕದ ಸಿಂಗಲ್ ಕ್ರೋಶೆ. ಬ್ರಿಟಿಷ್ ಪ್ಯಾಟರ್ನ್ ಓದುವವರಿಗೆ ಅದೇ ಡಬಲ್. ನಿಲ್ಲಿಸದೆ ಸುರುಳಿಯಾಗಿ ಹೋಗ್ತಾ ಇದ್ದೇನೆ, ಸುತ್ತಿಗೆ ಆರು ಇನ್‌ಕ್ರೀಸ್ (ಒಂದೇ ಸ್ಟಿಚ್‌ಗೆ ಎರಡು ಹೆಣೆಯುವುದು). 10 ಸೆಂ.ಮೀ.ಗೆ ಅಡ್ಡಕ್ಕೆ 17 ಸ್ಟಿಚ್, ಉದ್ದಕ್ಕೆ 19 ಸುತ್ತು ಬರ್ತದೆ.

ಈಗ 30ನೇ ಸುತ್ತು. ದಳಗಳು ನೇರ ನಿಲ್ಲದೆ ಗಡಿಯಾರದ ದಿಕ್ಕಿಗೆ ವಾಲಿವೆ. ಅಂಚು ಅಲೆಅಲೆಯಾಗಿ ಏಳ್ತಾ ಉಂಟು. ಬಿಳಿ ಜಾಗದಲ್ಲಿ ಒಳಗಿನ ಕೆಂಪು ನೂಲು ಇಣುಕ್ತದೆ. ಇದನ್ನು ಬಿಚ್ಚಿ ಹೊಸತಾಗಿ ಶುರು ಮಾಡ್ಲಿಕ್ಕೆ ತಯಾರಿದ್ದೇನೆ, ಆದ್ರೆ ಮೊದಲು ಕಾರಣ ಗೊತ್ತಾಗ್ಬೇಕು. ಒಟ್ಟು ನೂಲು ಎಷ್ಟು ಬೇಕು? ಒಳಗೆ ಎಂತ ತುಂಬಿಸುವುದು? ಮಳೆಗಾಲದ ನಾಲ್ಕು ತಿಂಗಳು ಇದು ನೆಲದ ಮೇಲೇ ಇರ್ತದೆ.

ಸುತ್ತುಲೆಕ್ಕ:

ಅಲೆಯ ಕಾರಣ ನಿಮ್ಮ ಗೇಜ್‌ನಲ್ಲೇ, ಅಂದರೆ 10 ಸೆಂ.ಮೀ.ಗೆ ಬರುವ ಸ್ಟಿಚ್, ಸುತ್ತುಗಳ ಎಣಿಕೆಯಲ್ಲೇ ಇದೆ. "ಸಿಂಗಲ್ ಕ್ರೋಶೆಗೆ ಸುತ್ತಿಗೆ ಆರು" ಎನ್ನುವುದು ಸ್ಟಿಚ್‌ನ ಅಗಲವೂ ಎತ್ತರವೂ ಹೆಚ್ಚುಕಡಿಮೆ ಒಂದೇ ಇದ್ದಾಗ ಮಾತ್ರ ಹೊಂದುವ ಲೆಕ್ಕ. ಒಂದು ಸುತ್ತು ಸೇರಿದಾಗ ತ್ರಿಜ್ಯ ಒಂದು ಸ್ಟಿಚ್‌ನ ಎತ್ತರದಷ್ಟು ಬೆಳೆಯುತ್ತದೆ, ಸುತ್ತಳತೆ ಅದರ 6.28 ಪಟ್ಟು ಬೆಳೆಯಬೇಕು. ಆದ್ದರಿಂದ ಸುತ್ತಿಗೆ ಬೇಕಾದ ಇನ್‌ಕ್ರೀಸ್ ಎಂದರೆ 6.28 ಅನ್ನು ಸ್ಟಿಚ್ ಸಂಖ್ಯೆಯಿಂದ ಗುಣಿಸಿ ಸುತ್ತಿನ ಸಂಖ್ಯೆಯಿಂದ ಭಾಗಿಸುವುದು. ನಿಮ್ಮದರಲ್ಲಿ 6.28 × 17 ÷ 19, ಅಂದರೆ 5.62. ನೀವು ಹಾಕುತ್ತಿರುವುದು 6.

ವ್ಯತ್ಯಾಸ ಸಣ್ಣದು, ಅದಕ್ಕೇ ಮೊದಲ ಹದಿನೈದು ಇಪ್ಪತ್ತು ಸುತ್ತಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. 30ನೇ ಸುತ್ತಿನಲ್ಲಿ ತ್ರಿಜ್ಯ 15.8 ಸೆಂ.ಮೀ., ಆ ಸುತ್ತಳತೆಗೆ 169 ಸ್ಟಿಚ್ ಸಾಕು. ನಿಮ್ಮಲ್ಲಿ 180 ಇವೆ. ಹೆಚ್ಚಿರುವ 11 ಸ್ಟಿಚ್‌ಗೆ ಜಾಗವಿಲ್ಲ, ಅವು ಅಲೆಯಾಗಿ ಏಳುತ್ತವೆ.

ಸರಿಪಡಿಸಲು ಸುಮಾರು ಹದಿನಾರು ಸುತ್ತಿಗೊಂದು ಸುತ್ತನ್ನು ಇನ್‌ಕ್ರೀಸ್ ಇಲ್ಲದೆ ಹೆಣೆಯಿರಿ. 30 ಸೆಂ.ಮೀ. ತ್ರಿಜ್ಯಕ್ಕೆ 57 ಸುತ್ತು ಬೇಕು. ಅದರಲ್ಲಿ 4 ಸುತ್ತು ಹೀಗೆ ಖಾಲಿ ಬಿಟ್ಟರೆ ಕೊನೆಗೆ 53 × 6 = 318 ಸ್ಟಿಚ್ ಬರುತ್ತದೆ. ಬೇಕಾದದ್ದು 320. ಖಾಲಿ ಸುತ್ತುಗಳನ್ನು ಎಣಿಕೆ ಬಂದಲ್ಲೇ ಹಾಕಬೇಕೆಂದಿಲ್ಲ. ಹೂವಿಗೂ ಬಳ್ಳಿಗೂ ನಡುವೆ ಬರುವ ಒಂದೇ ಬಣ್ಣದ ಪಟ್ಟಿಯಲ್ಲಿ ಹಾಕಿ, ಅಲ್ಲಿ ವಿನ್ಯಾಸ ಕೆಡುವುದಿಲ್ಲ.

ಅಂಚು ಏಳುವ ಬದಲು ಬಟ್ಟಲಿನ ಹಾಗೆ ಒಳಕ್ಕೆ ಬಾಗಿದರೆ ಲೆಕ್ಕ ತಿರುಗಿಸಿ ನೋಡಿ. 10 ಸೆಂ.ಮೀ.ಗೆ 18 ಸ್ಟಿಚ್, 16 ಸುತ್ತು ಬರುವವರಿಗೆ ಸುತ್ತಿಗೆ 7 ಬೇಕಾಗುತ್ತದೆ. ಅವರು 6 ಹಾಕಿದರೆ ಎಷ್ಟು ಇಸ್ತ್ರಿ ಮಾಡಿದರೂ ಸಪಾಟಾಗುವುದಿಲ್ಲ. ಕುಶನ್ ಮಟ್ಟಿಗೆ ಸ್ವಲ್ಪವೇ ಸ್ವಲ್ಪ ಬಟ್ಟಲಾಗುವುದು ಒಳ್ಳೆಯದೇ, ತುಂಬಿದಾಗ ಎಳೆದುಕೊಂಡು ಸರಿಯಾಗುತ್ತದೆ. ಅಲೆ ಮಾತ್ರ ತುಂಬಿದ ಮೇಲೂ ಹೋಗುವುದಿಲ್ಲ.

ಇನ್ನೊಂದು ವಿಷಯ. ಆರು ಇನ್‌ಕ್ರೀಸ್‌ಗಳನ್ನು ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಹಾಕಿದರೆ ವೃತ್ತದ ಬದಲು ಷಟ್ಕೋನ ಆಗುತ್ತದೆ. ವೃತ್ತವನ್ನು ಆರು ಹೋಳೆಂದು ಎಣಿಸಿ, ಬೆಸ ಸುತ್ತಿನಲ್ಲಿ ಹೋಳಿನ ಆರಂಭಕ್ಕೆ, ಸಮ ಸುತ್ತಿನಲ್ಲಿ ಹೋಳಿನ ನಡುವಿಗೆ ಹಾಕಿ. ಸಾಧ್ಯವಾದಷ್ಟು ಮಟ್ಟಿಗೆ ಆ ಜಾಗ ಒಂದೇ ಬಣ್ಣದ್ದಾಗಿರಲಿ. ಬಣ್ಣ ಬದಲಾಗುವ ಸ್ಟಿಚ್‌ನಲ್ಲೇ ಇನ್‌ಕ್ರೀಸ್ ಬಂದರೆ ದಳದ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ.

ಕಾರ್ಕಳ_ಹುಕ್:

ವಾಲುವುದಕ್ಕೆ ಬರುವಾ. ಇದು ನಿಮ್ಮ ಕೈಯ ದೋಷ ಅಲ್ಲ, ಸಿಂಗಲ್ ಕ್ರೋಶೆಯ ಸ್ವಭಾವವೇ ಹಾಗೆ. ಸ್ಟಿಚ್‌ನ ತಲೆ ಅದರ ಬುಡದ ನೇರಕ್ಕೆ ಕೂರುವುದಿಲ್ಲ, ಬಲಗೈಯವರಿಗೆ ಸ್ವಲ್ಪ ಬಲಕ್ಕೆ ಸರಿದಿರ್ತದೆ. ಮಗುಚದೆ ಒಂದೇ ಬದಿಯಿಂದ ಸುತ್ತುವಾಗ ಆ ಸರಿತ ಸುತ್ತಿನಿಂದ ಸುತ್ತಿಗೆ ಕೂಡಿಕೊಳ್ತಾ ಹೋಗ್ತದೆ. ದುಂಡು ತಟ್ಟೆಯಲ್ಲಿ ಅದು ಗಡಿಯಾರದ ದಿಕ್ಕು. ಎಡಗೈಯಲ್ಲಿ ಹೆಣೆಯುವವರಿಗೆ ಉಲ್ಟಾ.

ಎಷ್ಟು ವಾಲ್ತದೆ ಎಂಬುದು ಕೈಯಿಂದ ಕೈಗೆ ಬೇರೆ. ಅಳೆಯುವುದು ಹೀಗೆ: ಇದೇ ನೂಲು, ಇದೇ ಹುಕ್ಕಿನಲ್ಲಿ 60 ಸ್ಟಿಚ್‌ನ ಸಣ್ಣ ಕೊಳವೆ ಮಾಡಿ, ಇನ್‌ಕ್ರೀಸ್ ಬೇಡ. ಒಂದು ಕಡೆ ಬರೀ ಒಂದು ಸ್ಟಿಚ್ ಕೆಂಪು, ಸುತ್ತು ಸುತ್ತಿಗೂ ಅದೇ ಕೆಂಪಿನ ಮೇಲೆ ಕೆಂಪು. 20 ಸುತ್ತು ಆದ ಮೇಲೆ ಬುಡದಿಂದ ನೇರ ಮೇಲಕ್ಕೆ ಸ್ಕೇಲ್ ಹಿಡಿದು, ಕೆಂಪು ಗೆರೆ ಎಷ್ಟು ಸ್ಟಿಚ್ ಬಲಕ್ಕೆ ಹೋಗಿದೆ ನೋಡಿ. ಐದು ಸ್ಟಿಚ್ ಹೋಗಿದ್ರೆ ನಾಲ್ಕು ಸುತ್ತಿಗೆ ಒಂದು ಸ್ಟಿಚ್ ಅಂತ ಲೆಕ್ಕ. ಹಾಗಿದ್ರೆ ಚಾರ್ಟ್‌ನಲ್ಲಿ (ಒಂದು ಸ್ಟಿಚ್‌ಗೆ ಒಂದು ಮನೆಯಂತೆ ಬರೆದ ನಕ್ಷೆ) ಪ್ರತಿ ನಾಲ್ಕನೇ ಸುತ್ತಿಗೆ ಇಡೀ ವಿನ್ಯಾಸವನ್ನು ಒಂದು ಸ್ಟಿಚ್ ಎಡಕ್ಕೆ, ಅಂದ್ರೆ ನೀವು ಹೆಣೆದುಕೊಂಡು ಹೋಗುವ ದಿಕ್ಕಿಗೆ ಸರಿಸಿ. ಚಾರ್ಟ್ ಕಾಗದದಲ್ಲಿ ಓರೆ ಕಾಣ್ತದೆ, ಹೆಣಿಗೆಯಲ್ಲಿ ನೇರ ಬರ್ತದೆ. ಈ ಕೊಳವೆಯನ್ನು ಬಿಸಾಡ್ಬೇಡಿ, ನೂಲಿನ ತೂಕ ಹಾಕ್ಲಿಕ್ಕೂ ಅದೇ ಬೇಕು.

ಸೆಂಟರ್ ಸಿಂಗಲ್ ಕ್ರೋಶೆ, ಅಂದ್ರೆ ವೇಸ್ಟ್‌ಕೋಟ್ ಸ್ಟಿಚ್ ಹಾಕಿ ಅಂತ ಯಾರಾದ್ರೂ ಹೇಳ್ಬಹುದು. ಮೇಲಿನ ಎರಡು ಎಳೆಯ ಕೆಳಗೆ ಹುಕ್ ಹಾಕುವ ಬದಲು ಸ್ಟಿಚ್‌ನ ಎರಡು ಕಾಲುಗಳ ನಡುವಿಗೆ ಹಾಕುವುದು ಅದು. ಅದರಲ್ಲಿ ಸ್ಟಿಚ್‌ಗಳು ಒಂದರ ಮೇಲೊಂದು ನೆಟ್ಟಗೆ ಕೂರ್ತವೆ, ವಾಲುವ ಪ್ರಶ್ನೆಯೇ ಇಲ್ಲ. ಆದ್ರೆ ಬಿಗಿ ಜಾಸ್ತಿ, ಹುಕ್ ಒಂದು ಮಿ.ಮೀ. ಆದ್ರೂ ದೊಡ್ಡದು ಬೇಕು. ದುಂಡು ತಟ್ಟೆಯಲ್ಲಿ ಇನ್‌ಕ್ರೀಸ್ ಹಾಕಿದಲ್ಲೆಲ್ಲ ತೂತು ಬಿಡ್ತದೆ. ಮೇಲ್ಭಾಗಕ್ಕೆ ಬೇಡ. 10 ಸೆಂ.ಮೀ.ನ ಪಕ್ಕದ ಪಟ್ಟಿಗೆ ತುಂಬಾ ಒಳ್ಳೇದು, ಅಲ್ಲಿ ಇನ್‌ಕ್ರೀಸ್ ಇಲ್ಲ, ಗಟ್ಟಿಯಾಗಿ ನಿಲ್ತದೆ ಸಹ. ಗೇಜ್ ಮಾತ್ರ ಬೇರೆಯೇ ಬರ್ತದೆ, ಬೇರೆ ಸ್ಯಾಂಪಲ್ ಮಾಡಿ.

ಕಾವಿ ವಿನ್ಯಾಸದ ಬಗ್ಗೆ ಒಂದು ಮಾತು. ಗೋಡೆಯಲ್ಲಿ ಕೆಂಪು ಪದರವನ್ನು ಗೀರಿ ಒಳಗಿನ ಸುಣ್ಣದ ಬಿಳಿ ಕಾಣಿಸ್ತಾರೆ, ಹಾಗಾಗಿ ಅಲ್ಲಿ ಕೂದಲೆಳೆಯ ಗೆರೆಯೂ ಸಾಧ್ಯ. ನಿಮ್ಮ ಗೇಜ್‌ನಲ್ಲಿ ಅತಿ ಸಣ್ಣ ಗೆರೆ ಅಂದ್ರೂ ಹತ್ತಿರ ಹತ್ತಿರ 6 ಮಿ.ಮೀ. ದಳದ ಒಳಗಿನ ನರ, ಬಳ್ಳಿಯ ಸುರುಳಿ ತುದಿ, ಇದನ್ನೆಲ್ಲ ಬಿಟ್ಟು ದೊಡ್ಡ ಆಕಾರ ಮಾತ್ರ ತೆಗೊಳ್ಳಿ. ಮತ್ತೆ ಓರೆ ಗೆರೆ: ಸ್ಟಿಚ್ ವಾಲುವ ಕಡೆಗೇ ಹೋಗುವ ಒಂದು ಸ್ಟಿಚ್ ದಪ್ಪದ ಗೆರೆ ಅಖಂಡವಾಗಿ ಬರ್ತದೆ. ಅದಕ್ಕೆ ಎದುರು ದಿಕ್ಕಿಗೆ ಹೋಗುವ ಗೆರೆ ಚುಕ್ಕಿ ಚುಕ್ಕಿಯಾಗಿ ತುಂಡಾಗ್ತದೆ. ದಳದ ಬಲ ಅಂಚು ಚಂದ, ಎಡ ಅಂಚು ಹರಿದ ಹಾಗೆ ಕಾಣುವುದು ಇದರಿಂದಲೇ. ಎದುರು ದಿಕ್ಕಿನದ್ದನ್ನು ಎರಡು ಸ್ಟಿಚ್ ಅಗಲ ಮಾಡಿದ್ರೆ ಎರಡೂ ಅಂಚು ಸಮ ಕಾಣ್ತದೆ.

ಪಕ್ಕದ ಪಟ್ಟಿಯ ಚಾರ್ಟನ್ನು ಶಾಲೆಯ ಗ್ರಾಫ್ ಪುಸ್ತಕದಲ್ಲಿ ಬರೀಬೇಡಿ. ಅದರ ಮನೆ ಚೌಕ, ನಿಮ್ಮ ಸ್ಟಿಚ್ ಚೌಕ ಅಲ್ಲ. ಕಂಪ್ಯೂಟರ್‌ನ ಸ್ಪ್ರೆಡ್‌ಶೀಟ್‌ನಲ್ಲಿ ಮನೆಯ ಅಗಲ 19, ಎತ್ತರ 17 ಪಿಕ್ಸೆಲ್ ಇಟ್ಟು ಬಣ್ಣ ತುಂಬಿ. ವೇಸ್ಟ್‌ಕೋಟ್ ಸ್ಟಿಚ್ ಆದ್ರೆ ಅದರದ್ದೇ ಗೇಜ್ ಹಾಕಿ.

ಮಲ್ಪೆ_ಮಣಿ:

ಚಾರ್ಟ್ ಸರಿಸುವುದಕ್ಕಿಂತ ಸುಲಭದ ದಾರಿ ಉಂಟು. ಯಾರ್ನ್ ಅಂಡರ್ ಮಾಡಿ. ಸ್ಟಿಚ್‌ಗೆ ಹುಕ್ ಹಾಕಿದ ಮೇಲೆ ನೂಲನ್ನು ಹುಕ್ಕಿನ ಮೇಲಿಂದ ಸುತ್ತದೆ, ಹುಕ್ಕನ್ನೇ ನೂಲಿನ ಮೇಲೆ ಒಯ್ದು ಕೆಳಗಿನಿಂದ ಹಿಡಿದು ಎಳೆಯುವುದು. ಎರಡನೇ ಎಳೆತ ಮಾಮೂಲಿ. ಸ್ಟಿಚ್ ವಿ ಆಕಾರದ ಬದಲು ಅಡ್ಡ ಕತ್ತರಿಯಾಗಿ ಬರ್ತದೆ, ವಾಲುವುದು ಕಡಿಮೆ, ನೂಲೂ ಸ್ವಲ್ಪ ಉಳೀತದೆ, ಒಳನೂಲು ಇಣುಕುವುದೂ ಕಡಿಮೆ.

ಕಾರ್ಕಳ_ಹುಕ್:

ಒಪ್ಪಿದೆ, ಕಡಿಮೆ ಆಗ್ತದೆ. ಪೂರ್ತಿ ಹೋಗುವುದಿಲ್ಲ, 57 ಸುತ್ತಿನಲ್ಲಿ ಆ ಉಳಿದದ್ದೂ ಕಾಣ್ತದೆ. ಮತ್ತೆ ಯಾರ್ನ್ ಅಂಡರ್‌ನಲ್ಲಿ ಸ್ಟಿಚ್ ಗಿಡ್ಡ, ಬಿಗಿ. ಅಂದ್ರೆ ಮೇಲಿನ 5.62ರ ಲೆಕ್ಕ ಹೊಸ ಗೇಜ್ ಇಟ್ಟು ಮತ್ತೊಮ್ಮೆ ಮಾಡ್ಬೇಕು. ಹಾಗೇ, ಅರ್ಧದಿಂದ ಬದಲಾಯಿಸುವ ಹಾಗಿಲ್ಲ. ಹೇಗೂ ಬಿಚ್ಚುವವರು ಕೊಳವೆಯನ್ನು ಎರಡೂ ರೀತಿ ಮಾಡಿ, ಪಕ್ಕದಲ್ಲಿಟ್ಟು ನೋಡಿ ತೀರ್ಮಾನಿಸಿ.

ಕುಡ್ಲ_ಕಸೂತಿ:

ಕೆಂಪು ಇಣುಕುವ ವಿಚಾರ. ಮೊದಲು ನೂಲು ಹಿಡಿಯುವ ರೀತಿ ಸರಿಯಾಗಲಿ. ಒಳನೂಲು ಹಿಂದಿನ ಸುತ್ತಿನ ತಲೆಯ ಮೇಲೆ ಮಲಗಿರಬೇಕು. ಹುಕ್ ಎರಡೂ ಎಳೆಯ ಕೆಳಗೆ ಹೋಗಿ, ಒಳನೂಲನ್ನೂ ಒಟ್ಟಿಗೆ ತಬ್ಬಿಕೊಂಡು ಸ್ಟಿಚ್ ಮುಗಿಯಬೇಕು. ಬಣ್ಣ ಬದಲಿಸುವುದು ಹೊಸ ಬಣ್ಣದ ಸ್ಟಿಚ್‌ನಲ್ಲಲ್ಲ, ಅದರ ಹಿಂದಿನ ಸ್ಟಿಚ್‌ನ ಕೊನೆಯ ಎಳೆತದಲ್ಲಿ. ಹುಕ್ಕಿನಲ್ಲಿ ಎರಡು ಕುಣಿಕೆ ಉಳಿದಾಗ ಹಳೆ ಬಣ್ಣ ಬಿಟ್ಟು ಹೊಸತು ಹಿಡಿದು ಎಳೆಯಿರಿ. ತಡ ಮಾಡಿದರೆ ಸ್ಟಿಚ್‌ನ ತಲೆ ಒಂದು ಬಣ್ಣ, ಮೈ ಇನ್ನೊಂದು ಬಣ್ಣ.

ಬದಲಿಸಿದ ಪ್ರತಿ ಸಲವೂ ಬಿಟ್ಟ ನೂಲನ್ನು ಮೆಲ್ಲಗೆ ಎಳೆದು ಸಡಿಲು ತೆಗೆಯಿರಿ, ಸುತ್ತು ಮುಗಿದ ಮೇಲೆ ಹೆಣಿಗೆಯನ್ನು ಅಡ್ಡಕ್ಕೆ ಒಮ್ಮೆ ಜಗ್ಗಿ. ಎಳೆಯದಿದ್ದರೆ ಸಡಿಲು ಕುಣಿಕೆ ಮುಂದಕ್ಕೆ ಬರುತ್ತದೆ, ಹೆಚ್ಚು ಎಳೆದರೆ ಹೆಣಿಗೆ ಸುಕ್ಕಾಗುತ್ತದೆ. ಹುಕ್ ಅರ್ಧ ಮಿ.ಮೀ. ಸಣ್ಣದು, 3 ಮಿ.ಮೀ., ಪ್ರಯತ್ನಿಸಿ. ಅಚ್ಚ ಬಿಳಿಯ ಬದಲು ಸುಣ್ಣದ ಗೋಡೆಯ ಮಾಸಲು ಬಿಳಿ ತಗೊಂಡರೆ ಇಣುಕುವುದು ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಕಾವಿಗೂ ಅದೇ ಹೊಂದುವ ಬಣ್ಣ. ಮರ್ಸರೈಸ್ಡ್, ಅಂದರೆ ಹೊಳಪು ಬರುವಂತೆ ಸಂಸ್ಕರಿಸಿದ ಕಾಟನ್ ಆದರೆ ಎಳೆ ನಯ, ಅಂಚು ಚೊಕ್ಕ.

ಸುತ್ತು ಪೂರ್ತಿ ಬಿಳಿ ಇರುವಲ್ಲಿ ಕೆಂಪನ್ನು ಒಳಗೆ ಒಯ್ಯಲೇಬೇಕೆಂದಿಲ್ಲ. ಹಾಗೆಂದು ಏನೂ ಒಯ್ಯದಿದ್ದರೆ ಆ ಪಟ್ಟಿ ಮಾತ್ರ ತೆಳ್ಳಗಾಗಿ ಉಂಗುರದ ಹಾಗೆ ಕಾಣುತ್ತದೆ, ಗೇಜ್ ಕೂಡ ಬದಲಾಗುತ್ತದೆ. ಅಲ್ಲಿ ಒಳನೂಲಾಗಿ ಇನ್ನೊಂದು ಬಿಳಿ ಎಳೆಯನ್ನೇ ಒಯ್ಯಿರಿ. ಇದೇ ಕಾರಣಕ್ಕೆ ಮೊದಲ ಸುತ್ತಿನಿಂದಲೇ ಒಳನೂಲು ಇರಬೇಕು, ಹೂವಿನ ನಡು ಒಂದೇ ಬಣ್ಣದ್ದಾದರೂ.

ಇನ್ನು ನೀವು ಕೇಳದೇ ಇದ್ದದ್ದು, ಆದರೆ ಇಡೀ ಕೆಲಸ ಹಾಳು ಮಾಡಬಲ್ಲದ್ದು: ಕೆಂಪು ಬಣ್ಣ ಬಿಡುವುದು. ಕೆಂಪು, ಬಿಳಿ ಎರಡೂ ಒಂದೊಂದು ಮೀಟರ್ ತೆಗೆದು ಒಟ್ಟಿಗೆ ಜಡೆ ಹಾಕಿ, ಸಾಬೂನು ಪುಡಿ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಡಿ, ಹಿಂಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಒಣಗಿಸಿ. ಬಿಳಿ ಎಳೆ ಗುಲಾಬಿಯಾದರೆ ಆ ಕೆಂಪನ್ನು ಹಾಗೇ ಬಳಸಬೇಡಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ, ಬಣ್ಣ ಹಾಕಿ ಮುಗಿದ ಕಾಟನ್‌ಗೆ ಅದರಿಂದ ಏನೂ ಆಗುವುದಿಲ್ಲ. ಹೆಚ್ಚಿನ ಬಣ್ಣವನ್ನು ತೊಳೆದೇ ತೆಗೆಯಬೇಕು: ಉಂಡೆಯನ್ನು ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರು ತಿಳಿಯಾಗುವ ತನಕ ಬಿಸಿನೀರಿನಲ್ಲಿ ತೊಳೆಯಿರಿ. ಬಿಳಿಯನ್ನೂ ಹಾಗೆಯೇ ಬೇರೆ ಪಾತ್ರೆಯಲ್ಲಿ ಒಮ್ಮೆ ಬಿಸಿನೀರಿಗೆ ಹಾಕಿ. ಕೆಂಪು ಮೊದಲೇ ಕುಗ್ಗಿ, ಬಿಳಿ ಆಮೇಲೆ ಕುಗ್ಗಿದರೆ ಕುಶನ್‌ನ ಮೈ ಉಬ್ಬುತಗ್ಗಾಗುತ್ತದೆ. ಎಷ್ಟು ತೊಳೆದರೂ ನೀರು ತಿಳಿಯಾಗದಿದ್ದರೆ ನೂಲೇ ಬದಲಿಸಿ.

ಪ್ರಮಾಣ: ನಿಮ್ಮ ಕೊಳವೆಯನ್ನು ಅಡಿಗೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, 10 × 10 ಸೆಂ.ಮೀ.ಗೆ ಎಷ್ಟು ಗ್ರಾಂ ಅಂತ ತೆಗೆಯಿರಿ. 9 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ಮೇಲಿನ ತಟ್ಟೆಯ ವಿಸ್ತೀರ್ಣ 2,827 ಚದರ ಸೆಂ.ಮೀ., ಅಂದರೆ 28.3 ತುಂಡು, ಸುಮಾರು 255 ಗ್ರಾಂ. ಪಕ್ಕದ ಪಟ್ಟಿ 1,885 ಚದರ ಸೆಂ.ಮೀ., 170 ಗ್ರಾಂ. ಎರಡೂ ಸೇರಿ 425, ಅದಕ್ಕೆ ಹದಿನೈದು ಪರ್ಸೆಂಟ್ ಸೇರಿಸಿ 500 ಗ್ರಾಂ ಇಟ್ಟುಕೊಳ್ಳಿ. ವೇಸ್ಟ್‌ಕೋಟ್ ಸ್ಟಿಚ್ ಹಾಕುವುದಾದರೆ ಪಟ್ಟಿಯ ತೂಕ ಬೇರೆ ತೆಗೆಯಿರಿ, ಅದು ಹೆಚ್ಚು ನೂಲು ತಿನ್ನುತ್ತದೆ. ಬಣ್ಣಕ್ಕೆ ಹಂಚುವಾಗ ಚಾರ್ಟ್‌ನ ಮನೆ ಎಣಿಸಿ ಅದೇ ಅನುಪಾತ ಹಾಕಿದರೆ ಕಡಿಮೆ ಕಾಣುವ ಬಣ್ಣ ಸಾಕಾಗುವುದಿಲ್ಲ, ಯಾಕೆಂದರೆ ಹೊರಗೆ ಕಾಣದಾಗಲೂ ಅದು ಒಳಗೆ ಓಡುತ್ತಿರುತ್ತದೆ. ಮೇಲ್ಭಾಗಕ್ಕೊಂದಕ್ಕೇ ಒಳನೂಲು ಸುಮಾರು 54 ಮೀಟರ್. ಎಲ್ಲವನ್ನೂ ಒಂದೇ ಲಾಟ್ ನಂಬರಿನದ್ದು (ಒಂದೇ ಸಲ ಬಣ್ಣ ಹಾಕಿದ್ದು) ಒಟ್ಟಿಗೆ ಖರೀದಿಸಿ.

ಹಂಪನಕಟ್ಟೆಯ ಕಡೆ, ಉಡುಪಿ ರಥಬೀದಿಯ ಕಡೆ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ 8 ಪ್ಲೈ ಕಾಟನ್ ಸಿಗದಿದ್ದರೆ 4 ಪ್ಲೈಯ ಎರಡು ಎಳೆ ಒಟ್ಟಿಗೆ ಹಿಡಿಯಬಹುದು. ಆಗ ಒಳಗೂ ಎರಡು ಎಳೆ, ಹೊರಗೂ ಎರಡು ಎಳೆ ಇರಲಿ. ಅಕ್ರಿಲಿಕ್ ಬೇಗ ಒಣಗುತ್ತದೆ, ಬಣ್ಣ ಬಿಡುವುದು ಕಡಿಮೆ. ಆದರೆ ಕೂತು ಎದ್ದು ಮಾಡುವಲ್ಲಿ ಗುಂಜು ಏಳುತ್ತದೆ, ಮೈ ಹಿಗ್ಗುತ್ತದೆ. ನೆಲದ ಕುಶನ್‌ಗೆ ಕಾಟನ್ನೇ ಸರಿ.

ಉಡುಪಿ_ನೂಲು:

ತುಂಬಾ ಉಪಕಾರ ಆಯ್ತು. ಬಿಚ್ಚಿದೆ. ಇನ್ನು ಮೇಲಿನ ತಟ್ಟೆಯಿಂದ ಪಕ್ಕದ ಪಟ್ಟಿಗೆ ತಿರುಗುವಾಗ ಮೂಲೆ ಚೂಪಾಗಿ ಬರ್ಬೇಕಾದ್ರೆ ಎಂತ ಮಾಡುವುದು? ಅಡಿಭಾಗವನ್ನೂ ಹೆಣೆಯಬೇಕಾ?

ಸುತ್ತುಲೆಕ್ಕ:

ಕೊನೆಯ ಸುತ್ತಿನಲ್ಲಿ 318ಕ್ಕೆ ಎದುರುಬದುರಾಗಿ ಎರಡು ಇನ್‌ಕ್ರೀಸ್ ಸೇರಿಸಿ 320 ಮಾಡಿಕೊಳ್ಳಿ. 318 ಅಂದರೆ 6 × 53, ಅದಕ್ಕೆ ಯಾವ ಬಳ್ಳಿಯ ಆವರ್ತನೆಯೂ ಚೆನ್ನಾಗಿ ಕೂರುವುದಿಲ್ಲ. 320 ಆದರೆ 8, 10, 16, 20 ಎಲ್ಲ ಹೊಂದುತ್ತದೆ. 16 ಸ್ಟಿಚ್‌ನ ಎಲೆ ಹಾಕಿದರೆ ಸುತ್ತಲೂ 20 ಎಲೆ.

ಮೂಲೆಗೆ ಒಂದು ಸುತ್ತನ್ನು ಸ್ಟಿಚ್‌ನ ಹಿಂದಿನ ಎಳೆಗೆ ಮಾತ್ರ ಹುಕ್ ಹಾಕಿ ಹೆಣೆಯಿರಿ, ಇನ್‌ಕ್ರೀಸ್ ಇಲ್ಲದೆ, ಒಂದೇ ಬಣ್ಣದಲ್ಲಿ. ಬಿಟ್ಟ ಮುಂದಿನ ಎಳೆ ಅಂಚಿನಲ್ಲಿ ಏಣಿನ ಹಾಗೆ ನಿಲ್ಲುತ್ತದೆ, ಹೆಣಿಗೆ ತಾನಾಗಿ ಕೆಳಕ್ಕೆ ಮಡಚುತ್ತದೆ. ಒಳನೂಲೂ ಅದೇ ಬಣ್ಣದ್ದಿರಲಿ, ಆ ಸುತ್ತಿನಲ್ಲಿ ಅದು ಬೇಗ ಹೊರಗೆ ಕಾಣುತ್ತದೆ. ಆಮೇಲೆ 10 ಸೆಂ.ಮೀ. ಮುಟ್ಟಲು ಮಾಮೂಲಿ ಸಿಂಗಲ್ ಕ್ರೋಶೆಯಲ್ಲಾದರೆ 19 ಸುತ್ತು. ವೇಸ್ಟ್‌ಕೋಟ್ ಸ್ಟಿಚ್ ಅಗಲದಲ್ಲಿ ಬೇರೆ ಬಂದರೆ 320 ಸ್ಟಿಚ್ 188 ಸೆಂ.ಮೀ. ಆಗುವಂತಹ ಹುಕ್ ಹುಡುಕಿ, ಇಲ್ಲದಿದ್ದರೆ ಪಟ್ಟಿ ಸೊಂಟ ಹಿಡಿದ ಹಾಗೆ ಒಳಕ್ಕೆ ಎಳೆಯುತ್ತದೆ. ಸುರುಳಿಯಲ್ಲಿ ಹೆಣೆಯುವಾಗ ಸುತ್ತು ಶುರುವಾಗುವಲ್ಲಿ ವಿನ್ಯಾಸ ಒಂದು ಮೆಟ್ಟಿಲು ಏರುವುದು ತಪ್ಪದು. ಆ ಜಾಗವನ್ನು ಎರಡು ಎಲೆಗಳ ನಡುವಿನ ಖಾಲಿಗೆ ತಂದಿಡಿ. ಕೊನೆಯಲ್ಲಿ ಎರಡು ಸ್ಲಿಪ್ ಸ್ಟಿಚ್ (ಎತ್ತರವೇ ಇಲ್ಲದಷ್ಟು ಗಿಡ್ಡ ಸ್ಟಿಚ್) ಹಾಕಿ ಮೆಟ್ಟಿಲು ಇಳಿಸಿ.

ಬೋಳಾರ_ದಿಂಬು:

ಅಡಿಭಾಗ ಹೆಣೆಯುವುದು ಬೇಡ ಅಂತ ನನ್ನ ಅಭಿಪ್ರಾಯ. ನೆಲಕ್ಕೆ ಉಜ್ಜಿ ಮೊದಲು ಸವೆಯುವುದು ಅದೇ, ರೆಡ್ ಆಕ್ಸೈಡ್ ನೆಲದಲ್ಲಿ ಹೆಣಿಗೆ ಜಾರ್ತದೆ ಸಹ. ದಪ್ಪ ಕಾಟನ್ ಕ್ಯಾನ್ವಾಸ್ ಹಾಕಿ. ಅದನ್ನು ಸಹ ಮೊದಲೇ ಒಮ್ಮೆ ತೊಳೆದು ಕುಗ್ಗಿಸಿ ಆಮೇಲೆ ಕತ್ತರಿಸಿ. ಅಂಚನ್ನು ಒಳಕ್ಕೆ ಮಡಚಿ ಹೊಲಿದ ಮೇಲೆ ಸುತ್ತ ಬ್ಲಾಂಕೆಟ್ ಸ್ಟಿಚ್ (ಅಂಚಿನಲ್ಲಿ ಕುಣಿಕೆ ಕೂರುವ ಕೈಹೊಲಿಗೆ) ಹಾಕಿ. ಅದನ್ನು 6 ಮಿ.ಮೀ.ಗೆ ಒಂದರಂತೆ ಹಾಕಿದ್ರೆ 320ರ ಹತ್ತಿರ ಬರ್ತದೆ. ಆ ಕುಣಿಕೆಗಳಿಗೂ ಪಟ್ಟಿಯ ಸ್ಟಿಚ್‌ಗಳಿಗೂ ಒಟ್ಟಿಗೆ ಹುಕ್ ಹಾಕಿ ಸಿಂಗಲ್ ಕ್ರೋಶೆಯಲ್ಲಿ ಜೋಡಿಸಿ.

ತುಂಬಿಸುವುದು: ಹತ್ತಿ ಬೇಡ. ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವ ಎಳೆದು ಭಾರ ಆಗ್ತದೆ, ಗಂಟು ಕಟ್ತದೆ, ಜುಲೈ ಹೊತ್ತಿಗೆ ಮುಗ್ಗಲು ವಾಸನೆ. ಬೂರುಗದ ಹತ್ತಿಗೆ ಮೇಣದ ಲೇಪ ಇರುವ ಕಾರಣ ನೀರು ಬೇಗ ಹಿಡಿಯುವುದಿಲ್ಲ, ಆದ್ರೆ ಕೂತು ಕೂತು ಚಪ್ಪಟೆ ಆಗ್ತದೆ, ಬಿಸಿಲಿಗೆ ಹಾಕ್ತಾ ಇರ್ಬೇಕು. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು? ಬರೀ ಪಾಲಿಯೆಸ್ಟರ್ ಫೈಬರ್ ತುಂಬಿದ್ರೆ ಸುಮಾರು ಒಂದೂಕಾಲು ಕೆ.ಜಿ. ಹಿಡಿಯಬಹುದು, ಮೆತ್ತಗೆ ಇರ್ತದೆ, ಆದ್ರೆ ನಡು ತಗ್ಗಾಗಿ ನಿಮ್ಮ ಹೂ ಮುದ್ದೆ ಆಗ್ತದೆ. ವಿನ್ಯಾಸ ಸಪಾಟಾಗಿ ಕಾಣ್ಬೇಕಾದ್ರೆ ನಡುವೆ 40 ಡೆನ್ಸಿಟಿಯ (ಘನ ಮೀಟರ್‌ಗೆ 40 ಕೆ.ಜಿ. ತೂಗುವ) ಫೋಮ್ ಬಿಲ್ಲೆ, 7.5 ಸೆಂ.ಮೀ. ದಪ್ಪದ್ದು. ಮೇಲೆ ಕೆಳಗೆ ಪಾಲಿಯೆಸ್ಟರ್ ವ್ಯಾಡಿಂಗ್, ಅಂದ್ರೆ ಅದೇ ಫೈಬರಿನ ಮೆತ್ತನೆ ಹಾಳೆ. ಅಡ್ಡಳತೆ 62 ಸೆಂ.ಮೀ. ಕತ್ತರಿಸಿ. ಕ್ರೋಶೆ ಹಿಗ್ಗುವ ವಸ್ತು, ಸರಿ 60ಕ್ಕೆ ಕತ್ತರಿಸಿದ್ರೆ ಸ್ವಲ್ಪ ದಿನದಲ್ಲಿ ಕವರ್ ಸಡಿಲ ಆಗಿ ಸುಕ್ಕು ಬೀಳ್ತದೆ.

ಫೋಮ್‌ಗೆ ಮಾಸಲು ಬಿಳಿ ಬಟ್ಟೆಯ ಒಳಕವರ್ ಬೇಕೇ ಬೇಕು. ಬಣ್ಣದ ಬಟ್ಟೆ ಹಾಕಿದ್ರೆ ಬಿಳಿ ಸ್ಟಿಚ್‌ಗಳ ಸಂದಿಯಿಂದ ಅದೇ ಕಾಣ್ತದೆ.

ಉಡುಪಿ_ನೂಲು:

ತೊಳೀಲಿಕ್ಕೆ ತೆಗೆಯುವ ಹಾಗೆ ಜಿಪ್ ಎಲ್ಲಿ ಇಡುವುದು? ಪಕ್ಕದ ಪಟ್ಟಿಯಲ್ಲಿ ಇಟ್ರೆ ಎಲೆಗಳ ಸಾಲು ತುಂಡಾಗ್ತದೆ.

ಬೋಳಾರ_ದಿಂಬು:

ಕ್ಯಾನ್ವಾಸ್‌ನ ನಡುವೆ ಅಡ್ಡಕ್ಕೆ. ಬಟ್ಟೆಯನ್ನು ಎರಡು ಅರ್ಧವೃತ್ತ ಮಾಡಿ, ಜಿಪ್ ಹೊಲಿಯುವ ಬದಿಗೆ 2 ಸೆಂ.ಮೀ. ಹೆಚ್ಚು ಬಿಡಿ, 55 ಸೆಂ.ಮೀ. ಜಿಪ್. ಫೋಮ್ ಬಿಲ್ಲೆ ಮಡಚಿ ತೂರಿಸ್ಬೇಕಾದ್ರೆ ಅಷ್ಟು ಬಾಯಿ ಬೇಕು. ನೈಲಾನ್ ಜಿಪ್ ತೆಗೊಳ್ಳಿ, ಲೋಹದ್ದು ಇಲ್ಲಿನ ಉಪ್ಪು ಗಾಳಿಗೆ ಹಿಡೀತದೆ, ನೆಲಕ್ಕೂ ಗೀರು ಹಾಕ್ತದೆ. ಒಂದು ಬದಿಯ ಬಟ್ಟೆಯನ್ನು ಜಿಪ್‌ನ ಮೇಲೆ ಪಟ್ಟಿಯಾಗಿ ಮುಚ್ಚುವ ಹಾಗೆ ಮಡಚಿ.

ತೊಳೆಯುವಾಗ ತಣ್ಣೀರು, ಹಿಂಡುವುದು ಬೇಡ, ದಪ್ಪ ಟವೆಲ್‌ನಲ್ಲಿ ಸುತ್ತಿ ಒತ್ತಿ. ಹಗ್ಗಕ್ಕೆ ನೇತು ಹಾಕಿದ್ರೆ ಒದ್ದೆಯ ಭಾರಕ್ಕೆ ದುಂಡು ಹೋಗಿ ಮೊಟ್ಟೆ ಆಕಾರ ಆಗ್ತದೆ. ಒಳಮೈ ಮೇಲೆ ಮಾಡಿ, ಚಾಪೆಯ ಮೇಲೆ ನೆರಳಿನಲ್ಲಿ ಹರಡಿ, ಫ್ಯಾನ್ ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತೊಳೆಯುವ ಕೆಲಸವೇ ಇಟ್ಕೊಳ್ಬೇಡಿ. ಆಗ ವಾರಕ್ಕೊಮ್ಮೆ ಕವರ್ ತೆಗೆದು ಫೋಮನ್ನು ಗೋಡೆಗೆ ನೆಟ್ಟಗೆ ಒರಗಿಸಿ, ಎರಡೂ ಬದಿಗೆ ಗಾಳಿ ಆಡ್ಲಿಕ್ಕೆ ಬಿಡಿ.